ಗಾಡಿ ಯಾವಾಗ ಮುಗ್ಗರಿಸುತ್ತದೆ?

ಕೇಳುಗರೇ, ನಮಸ್ಕಾರ.

ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡವರ ದೂರು ಸಾಮಾನ್ಯವಾಗಿ ಒಂದೇ: ‘ಎಕ್ಸಿಲರೇಟರ್ ಒತ್ತಿದರೆ ಗಾಡಿ ಸರಾಗವಾಗಿ ಎಳೆಯೋದಿಲ್ಲ, ಜರ್ಕ್ ಹೊಡೆಯುತ್ತೆ.’ ಇಷ್ಟು ಹೇಳಿ ಸುಮ್ಮನಾದರೆ ಮೆಕ್ಯಾನಿಕ್ ಮೊದಲು ಪ್ಲಗ್ ಬದಲಿಸುತ್ತಾನೆ, ಆಮೇಲೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್, ಆಮೇಲೆ ಫ್ಯೂಯಲ್ ಪಂಪ್. ಬಿಲ್ ಬೆಳೆಯುತ್ತದೆ, ಜರ್ಕ್ ಮಾತ್ರ ಹಾಗೇ ಇರುತ್ತದೆ. ಅವನನ್ನು ದೂರಿ ಫಲವಿಲ್ಲ; ಗಾಡಿ ಯಾವ ಹೊತ್ತಿನಲ್ಲಿ ಮುಗ್ಗರಿಸುತ್ತದೆ ಎಂದು ನಾವು ಹೇಳಿರುವುದೇ ಇಲ್ಲ.

ಪೆಡಲ್ ಒತ್ತಿದ ಕೂಡಲೇ ಅರೆಕ್ಷಣ ಉಸಿರು ಕಟ್ಟಿದಂತಾಗಿ, ನಂತರ ಎಳೆಯುತ್ತದೆಯೇ? ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ತೆರೆದಾಗ ಗಾಳಿ ತಟ್ಟನೆ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೇ ಗಾಡಿಯಲ್ಲಿ ಈ ಕೊರತೆ ತುಂಬಲೆಂದೇ ಒಂದು ಪುಟ್ಟ ಪಂಪ್ ಇರುತ್ತದೆ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಏರ್ ಫಿಲ್ಟರ್ ತೆಗೆದು, ಥ್ರಾಟಲ್ ಅನ್ನು ಕೈಯಿಂದ ತಿರುಗಿಸಿ ನೋಡಿ: ಒಳಗೆ ಪೆಟ್ರೋಲಿನ ಸಣ್ಣ ಎಳೆ ಚಿಮ್ಮಬೇಕು. ಚಿಮ್ಮದಿದ್ದರೆ ಆ ಪಂಪಿನ ಡಯಾಫ್ರಾಮ್ (ತೆಳು ಪೊರೆ) ಹರಿದಿರಬಹುದು, ಇಲ್ಲವೇ ಪೆಟ್ರೋಲ್ ಚಿಮ್ಮುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿರಬಹುದು. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಗಾಡಿಯಾದರೆ, ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್ ಮೇಲೆ ಅನುಮಾನ ಪಡಿ. ಪೆಡಲ್ ನಿಧಾನವಾಗಿ ಒತ್ತುತ್ತ ಹೋದಂತೆ ಅದರ ವೋಲ್ಟೇಜ್ ಬಹುತೇಕ ಗಾಡಿಗಳಲ್ಲಿ ಸುಮಾರು 0.5ರಿಂದ 4.5 ವೋಲ್ಟ್‌ವರೆಗೆ ತಡೆಯಿಲ್ಲದೆ ಏರಬೇಕು. ನಾವು ದಿನವೂ ಹೆಚ್ಚು ಬಳಸುವ ಜಾಗದಲ್ಲೇ ಒಳಗಿನ ಪಟ್ಟಿ ಸವೆಯುವುದರಿಂದ ಅಲ್ಲಿ ವೋಲ್ಟೇಜ್ ಕುಸಿಯುತ್ತದೆ. ಇದನ್ನು ಹಿಡಿಯಲು ಅಂಕಿ ತೋರಿಸುವ ಮೀಟರಿಗಿಂತ ಹಳೇ ಮುಳ್ಳಿನ ಮೀಟರೇ ವಾಸಿ. ಮುಳ್ಳು ಬೆಚ್ಚಿಬಿದ್ದದ್ದು ಕಣ್ಣಿಗೆ ಕಾಣುತ್ತದೆ.

ಸಮತಟ್ಟಿನಲ್ಲಿ ಚೆನ್ನಾಗಿ ಓಡಿ, ಏರಿನಲ್ಲಿ ಟಾಪ್ ಗೇರಿನಲ್ಲಿ ಮಾತ್ರ ಮಿಸ್ಸಿಂಗ್ ಹೊಡೆದರೆ (ಒಂದೆರಡು ಸಲ ಪೆಟ್ರೋಲ್ ಉರಿಯದೆ ತಪ್ಪಿದರೆ) ಇಗ್ನಿಷನ್, ಅಂದರೆ ಕಿಡಿ ಹಾರಿಸುವ ಭಾಗದ ಕಡೆ ತಿರುಗಿ. ಭಾರ ಬಿದ್ದಾಗ ಸಿಲಿಂಡರಿನ ಒತ್ತಡ ಏರುತ್ತದೆ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸವೆದ ಪ್ಲಗ್, ಸೀಳಿದ ವಯರ್, ಸೋತ ಕಾಯಿಲ್ ಎಲ್ಲವೂ ಅಲ್ಲೇ ಬಯಲಾಗುವುದು. ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಸೋರುವ ನೀಲಿ ಕಿಡಿ ಕಂಡೀತು. ಕೈ ಮಾತ್ರ ಇಡಬೇಡಿ. ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0302 ಎಂದು ತೋರಿಸಿದರೆ ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ ಎಂದರ್ಥ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇದ್ದರೆ, ಆ ಕಾಯಿಲನ್ನು ಮೂರನೆಯದಕ್ಕೆ ಅದಲುಬದಲು ಮಾಡಿ. ಕೋಡ್ ಪಿ0303 ಆಯಿತೋ, ಕಳ್ಳ ಸಿಕ್ಕಿದ. ಕಾಸು ಖರ್ಚಿಲ್ಲದ ಇಂಥ ಪರೀಕ್ಷೆ ಬಿಟ್ಟು ಮೊದಲೇ ಹೊಸದು ಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ಎಂಜಿನ್ ದೀಪ ಮಿಣುಕುತ್ತಿದ್ದರೆ ಗಾಡಿಯನ್ನು ದೌಡಾಯಿಸಬೇಡಿ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕಬಹುದು.

ಐಡ್ಲಿಂಗ್‌ನಲ್ಲಿ ನಡುಗಿ, ವೇಗದಲ್ಲಿ ಸರಿಹೋದರೆ ಎಲ್ಲೋ ವ್ಯಾಕ್ಯೂಮ್ ಸೋರುತ್ತಿರಬಹುದು, ಅಂದರೆ ಸೀಳಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿಗೆ ಸೇರುತ್ತಿರಬಹುದು. ರಬ್ಬರ್ ಪೈಪುಗಳ ಬಾಗಿನಲ್ಲಿ ಸೀಳು ಹುಡುಕಿ. ವೇಗದಲ್ಲಿ ಬಹಳ ಹೊತ್ತು ಓಡಿದ ಮೇಲೆ ಸೊರಗಿದರೆ ಫ್ಯೂಯಲ್ ಫಿಲ್ಟರ್, ಪಂಪ್ ಮೇಲೆ ಅನುಮಾನ. ಪೆಟ್ರೋಲಿನ ಒತ್ತಡ ಅಳೆಯುವ ಪ್ರೆಶರ್ ಗೇಜ್ ಹಾಕಿಯೇ ತೀರ್ಮಾನಿಸಬೇಕು.

ಇನ್ನು, ಎಂಜಿನ್ ಸದ್ದು ಏರಿ ಗಾಡಿಯ ವೇಗ ಮಾತ್ರ ಏರದಿದ್ದರೆ, ಅದು ಕ್ಲಚ್ ಸ್ಲಿಪ್. ಅದಕ್ಕೆ ಪ್ಲಗ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ನಮಸ್ಕಾರ.