ಕೊಲ್ಲದೆ ಬಿಟ್ಟ ನಾಲ್ವರು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಸೇರುವ ಒಣ ನೆಲದಲ್ಲಿ ನವಾಹೊ ಅನ್ನುವ ಮೂಲನಿವಾಸಿ ಜನ ಇದ್ದಾರೆ. ತಮ್ಮನ್ನು ಅವರು ದಿನೇ ಅಂತ ಕರೆದುಕೊಳ್ಳುತ್ತಾರೆ. ಜನ ಅಂತ ಅರ್ಥ, ಅಷ್ಟೇ. ನಾಲ್ಕು ದಿಕ್ಕಿಗೆ ನಾಲ್ಕು ಪವಿತ್ರ ಬೆಟ್ಟ, ಅದರ ನಡುವಿನದು ಅವರ ನಾಡು. ಅವರ ಎಷ್ಟೋ ಕಥೆಗಳಲ್ಲಿ ಇವತ್ತು ಒಂದನ್ನು ಮಾತ್ರ ಹೇಳುತ್ತೇನೆ. ಬಾಯಿಂದ ಬಾಯಿಗೆ ಬಂದ ಕಥೆ, ಹೇಳುವವರು ಬದಲಾದ ಹಾಗೆ ವಿವರವೂ ಬದಲಾಗುತ್ತೆ.

ಭೂಮಿ ತುಂಬ ನರಭಕ್ಷಕ ರಕ್ಕಸರಿದ್ದ ಕಾಲ. ಋತುಗಳ ಹಾಗೆ ಮುಪ್ಪಾಗಿ ಮತ್ತೆ ಎಳೆಯಳಾಗುವ ಒಬ್ಬ ದೇವಿ ಇದ್ದಾಳೆ, ಅವಳ ಹೆಸರೇ 'ಬದಲಾಗುವ ಹೆಣ್ಣು'. ಅವಳಿಗೆ ಅವಳಿ ಗಂಡುಮಕ್ಕಳು. ಅಣ್ಣ 'ರಕ್ಕಸರನ್ನು ಕೊಲ್ಲುವವ', ತಮ್ಮ 'ನೀರಿಗಾಗಿ ಹುಟ್ಟಿದವ'. ನಮ್ಮಪ್ಪ ಯಾರು ಅಂತ ಹುಡುಕಿಕೊಂಡು ಹೊರಟರು. ದಾರಿಯಲ್ಲಿ ಜೇಡಜ್ಜಿ ಸಿಕ್ಕಿ, ಕಾಪಾಡಲು ಗರಿ ಕೊಟ್ಟು ಕಳಿಸಿದಳು. ಅಪ್ಪ ಬೇರೆ ಯಾರೂ ಅಲ್ಲ, ಸೂರ್ಯ. ಸುಲಭಕ್ಕೆ ಒಪ್ಪಿಕೊಳ್ಳಲಿಲ್ಲ, ಪರೀಕ್ಷೆ ಮೇಲೆ ಪರೀಕ್ಷೆ ಕೊಟ್ಟ. ಗೆದ್ದ ಮೇಲೆ ರಕ್ಕಸರನ್ನು ಕೊಲ್ಲಲು ಮಿಂಚಿನ ಬಾಣ ಕೇಳಿದರು. ಸೂರ್ಯನ ಮುಖ ಬಾಡಿತು. ಯಾಕೆಂದರೆ ಅವರು ಮೊದಲು ಕೊಲ್ಲಬೇಕಿದ್ದ ದೈತ್ಯ ಯೇಯಿತ್ಸೋ ಕೂಡ ಅವನದೇ ಮಗ. ಆದರೂ ಕೊಟ್ಟ. ಈ ಜಾಗದಲ್ಲಿ ನನಗೆ ಪ್ರತಿಸಲ ಕರುಳು ಚುರ್ ಅನ್ನುತ್ತೆ.

ನ್ಯೂ ಮೆಕ್ಸಿಕೊದ ಟೇಲರ್ ಬೆಟ್ಟದ ಹತ್ತಿರ ದೈತ್ಯ ಬಿದ್ದ. ಹರಿದ ರಕ್ತ ಒಂದಾಗಿ ಸೇರಿದರೆ ಅವನು ಮತ್ತೆ ಏಳುತ್ತಾನೆ. ಅದಕ್ಕೆ ಅಣ್ಣ ನೆಲದ ಮೇಲೆ ಗೆರೆ ಎಳೆದು ತಡೆದ. ಅಲ್ಲಿ ಈಗಲೂ ಕಪ್ಪು ಲಾವಾ ಬಂಡೆ ಹಾಸಿಕೊಂಡಿದೆ. ಅದೇ ಹೆಪ್ಪುಗಟ್ಟಿದ ರಕ್ತ ಅನ್ನುತ್ತಾರೆ.

ಆಮೇಲೆ ಒಬ್ಬೊಬ್ಬರನ್ನೇ ಮುಗಿಸುತ್ತಾ ಬಂದ ಅಣ್ಣನಿಗೆ ಕೊನೆಗೆ ಸಿಕ್ಕವರು ಬೇರೆ ಥರದವರು. ಬೆನ್ನು ಬಾಗಿದ, ಕೋಲೂರಿ ಬರುವ ಮುದುಕಿ. ಅವಳು ಮುಪ್ಪು. "ನನ್ನ ಕೊಂದರೆ ಹುಡುಗರು ಬೆಳೆದು ದೊಡ್ಡವರಾಗಲು ಹಂಬಲಿಸುವುದೇ ಇಲ್ಲಪ್ಪಾ" ಅಂದಳು. ಬಿಟ್ಟ. ಬೆಟ್ಟದ ತುದಿಯಲ್ಲಿ ಹಿಮದ ಮೇಲೆ ಬರಿಮೈಯಲ್ಲಿ ಕೂತಿದ್ದಳು ಚಳಿ. ಹಲ್ಲು ಕಟಕಟ ಅನ್ನುತ್ತಿದೆ, ಕಣ್ಣಲ್ಲಿ ನೀರು ಸುರಿಯುತ್ತಿದೆ. ಬೆಂಕಿ ಇಲ್ಲ, ಕಂಬಳಿ ಇಲ್ಲ. "ನಾನಿಲ್ಲದಿದ್ದರೆ ಬರೀ ಬಿಸಿಲು, ಒರತೆಗಳು ಬತ್ತಿಹೋಗುತ್ತವೆ" ಅಂದಳು. ಅವಳನ್ನೂ ಬಿಟ್ಟ. ಹರಕು ಬಟ್ಟೆಯ ಬಡತನ ಹೇಳಿದ್ದು: ಬಟ್ಟೆ ಹರಿದರೆ ತಾನೇ ಜನ ಹೊಸದು ಹೊಲಿಯುವುದು? ಹಸಿವಿನ ಮಾತಂತೂ ಅಡುಗೆ ಮಾಡುವ ಎಲ್ಲರಿಗೂ ಗೊತ್ತಿರುವುದೇ. ಹಸಿವಿಲ್ಲದೆ ಊಟಕ್ಕೆ ರುಚಿ ಎಲ್ಲಿದೆ, ಅಲ್ವಾ? ಕೆಲವರು ಈ ಸಾಲಿಗೆ ಹೇನನ್ನೂ ಸೇರಿಸುತ್ತಾರೆ.

ಈ ಭಾಗ ನನಗೆ ಯುದ್ಧದ ಭಾಗಕ್ಕಿಂತ ಜಾಸ್ತಿ ಇಷ್ಟ. ಇವನಿಗೆ ಕೈಯಲ್ಲಿ ಮಿಂಚಿದೆ, ತಡೆಯುವವರು ಯಾರೂ ಇಲ್ಲ. ಆದರೂ ನಿಂತು ಕೇಳಿಸಿಕೊಂಡ.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಅಷ್ಟೊಂದು ಕೊಂದ ವೀರನಿಗೆ ಕಾಯಿಲೆ ಬಂತು, ಮೈಯಲ್ಲಿ ಶಕ್ತಿ ಉಳಿಯಲಿಲ್ಲ. ಕೊಲೆಯ ಸೋಂಕು ಅದು, ಕೊಂದದ್ದು ರಕ್ಕಸರನ್ನೇ ಆದರೂ ಸರಿ. ಹಾಡು, ಪ್ರಾರ್ಥನೆ, ಆಚರಣೆಯಿಂದ ಅವನನ್ನು ಮತ್ತೆ ಸರಿ ಮಾಡಬೇಕಾಯಿತು. ಆ ಆಚರಣೆಗೆ 'ಶತ್ರುವಿನ ಹಾದಿ' ಅಂತ ಹೆಸರು. ಎರಡನೇ ಮಹಾಯುದ್ಧದಲ್ಲಿ ನವಾಹೊ ಭಾಷೆಯಲ್ಲಿ ಗುಪ್ತ ಸಂದೇಶ ಕಳಿಸಿದ ಸೈನಿಕರ ಬಗ್ಗೆ ನೀವು ಕೇಳಿರಬಹುದು. 1945ರಲ್ಲಿ ಯುದ್ಧ ಮುಗಿದು ನವಾಹೊ ಸೈನಿಕರು ಊರಿಗೆ ಬಂದಾಗ ಎಷ್ಟೋ ಮನೆಯವರು ಅವರಿಗಾಗಿ ಇದೇ ಆಚರಣೆ ಮಾಡಿಸಿದರು. ಬಂಧುಬಳಗವೆಲ್ಲ ಸೇರಿ, ಹಗಲು ರಾತ್ರಿ ಹಾಡಿ, ಹುಡುಗನನ್ನು ಯುದ್ಧದಿಂದ ಮನೆಗೆ ಕರೆದುಕೊಂಡರು.