ಅಕಿಲೀಸ್ ಹರಿದರೆ ಚಿಕ್ಕ ಕುಯ್ತದಲ್ಲೇ ಹೊಲಿಯೋದು ಹೇಗೆ?

ಮೀನಖಂಡವನ್ನ ಹಿಮ್ಮಡಿ ಮೂಳೆಗೆ ಕಟ್ಟೋ ದಪ್ಪ ಹುರಿ ಇದೆಯಲ್ಲ, ಅದೇ ಅಕಿಲೀಸ್ ಟೆಂಡನ್. ಅದರ ಆಪರೇಷನ್ ನೋಡೋಣ. ಹಾಂ, ವಿಡಿಯೋ ಶುರುವಾಯ್ತು. ರೋಗಿಯನ್ನ ಬೋರಲು ಮಲಗಿಸಿದಾರೆ, ಪಾದ ಟೇಬಲ್ ಅಂಚಿಂದ ಆಚೆ ನೇತಾಡ್ತಿದೆ. ಅದು ಹಾಗೆ ನೇತಾಡಲೇಬೇಕು, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಈಗ ಮೀನಖಂಡ ಹಿಂಡ್ತಿದಾರಲ್ಲ, ಇದು ಥಾಂಪ್ಸನ್ ಟೆಸ್ಟ್. ಟೆಂಡನ್ ಸರಿಯಿದ್ರೆ ಹಿಂಡಿದ ತಕ್ಷಣ ಪಾದ ಚಾಚಿಕೊಳ್ಳುತ್ತೆ. ಇಲ್ಲಿ ಏನೂ ಆಗ್ಲಿಲ್ಲ. "ಪಾದ ಅಲ್ಲಾಡ್ತಿದೆ, ನಡೀತಿದೀರಿ, ಬರೀ ಉಳುಕು" ಅಂತ ಮನೆಗೆ ಕಳಿಸೋದಿದೆಯಲ್ಲ, ಅದಕ್ಕೆ ಕ್ಷಮೆಯೇ ಇಲ್ಲ. ಹೆಬ್ಬೆರಳು ಮಡಚೋ ಟೆಂಡನ್, ಅಕ್ಕಪಕ್ಕದ ಇನ್ನೊಂದೆರಡು ಸೇರಿ ಪಾದವನ್ನ ಅಷ್ಟಿಷ್ಟು ಒತ್ತುತ್ತವೆ. ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಅನ್ನಿ, ಆಗ ಬಣ್ಣ ಬಯಲಾಗುತ್ತೆ.

ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂ.ಮೀ. ಮೇಲೆ, ರಕ್ತ ಕಮ್ಮಿ ಹರಿಯೋ ಜಾಗದಲ್ಲೇ ಸಾಮಾನ್ಯವಾಗಿ ಹರಿಯೋದು. ಬೆರಳಿಟ್ರೆ ಗುಂಡಿ ಸಿಗುತ್ತೆ. ಅಲ್ಲೇ ಅಡ್ಡಕ್ಕೆ 2-3 ಸೆಂ.ಮೀ. ಕುಯ್ತ. ಟೆಂಡನ್ ಸುತ್ತ ಇರೋ ತೆಳು ಪೊರೆ, ಪ್ಯಾರಾಟೆನಾನ್, ಅದನ್ನ ಹರಿಯದ ಹಾಗೆ ಬಿಡಿಸಿ ಕ್ಲಾಂಪ್ ಹಾಕಿ ತುದಿ ಎಳೆದ್ರು ನೋಡಿ. ಸವೆದ ಪೊರಕೆ ಥರ ಕೆದರಿಕೊಂಡಿದೆ. ನೀಟಾಗಿ ಕತ್ತರಿಸೋಣ ಅನ್ಸುತ್ತೆ, ಬೇಡ, ಆಮೇಲೆ ಗಿಡ್ಡ ಆಗುತ್ತೆ.

ಈ ಕವಲು ಕವಲಾಗಿರೋದು ಜಿಗ್, ಸೂಜಿಗೆ ದಾರಿ ತೋರಿಸೋ ಚೌಕಟ್ಟು. ಒಳಗಿನ ಎರಡು ತೋಳು ಪೊರೆಯೊಳಗೆ, ಟೆಂಡನ್‌ನ ಎರಡೂ ಪಕ್ಕ ಹೋಗುತ್ತವೆ. ಹೊರಗಿನ ಎರಡು ಚರ್ಮದ ಮೇಲೆ. ತೂತುಗಳು ಒಂದೇ ಸಾಲಲ್ಲಿರ್ತವೆ, ಸೂಜಿ ಈ ಕಡೆ ಚುಚ್ಚಿದ್ರೆ ಟೆಂಡನ್ ದಾಟಿ ಆ ಕಡೆ ಬರುತ್ತೆ. ಈ ಸೆಟ್‌ನಲ್ಲಿ ಮೇಲಿನ ತುದಿಗೆ ಮೂರು ದಾರ, ಕೆಳಗಿನದಕ್ಕೆ ಮೂರು. ಜಿಗ್ ಹೊರಗೆ ಎಳೆದಾಗ ದಾರಗಳೆಲ್ಲ ಚರ್ಮ ಬಿಟ್ಟು ಪೊರೆಯೊಳಗಿಂದ ಕುಯ್ತದ ಬಾಯಿಗೆ ಬರ್ತವೆ. ಇಡೀ ಜಾಣತನ ಇರೋದು ಇಷ್ಟರಲ್ಲೇ.

ಯಾಕಂದ್ರೆ ಸೂರಲ್ ನರ ಅಂತ ಒಂದಿದೆ, ಇದೇ ನಮ್ಮ ತಲೆನೋವು. ಮೀನಖಂಡದ ನಡುವೆ ಇಳಿದು, ಹಿಮ್ಮಡಿ ಮೂಳೆಯಿಂದ ಸುಮಾರು 10 ಸೆಂ.ಮೀ. ಮೇಲೆ ಟೆಂಡನ್‌ನ ಹೊರ ಅಂಚನ್ನ ದಾಟಿ ಪಾದದ ಹೊರ ಪಕ್ಕಕ್ಕೆ ಹೋಗುತ್ತೆ. ಮೇಲಿನ ಹೊಲಿಗೆ ಬೀಳೋದು ಅದರ ನೆರೆಯಲ್ಲೇ. 1977ರಲ್ಲಿ ಮಾ ಮತ್ತು ಗ್ರಿಫಿತ್ ವಿವರಿಸಿದ ಹಳೇ ವಿಧಾನದಲ್ಲಿ ಚರ್ಮದ ಮೇಲಿಂದ್ಲೇ ಚುಚ್ಚಿ ಹೊಲೀತಿದ್ರು, ನರ ದಾರಕ್ಕೆ ಸಿಕ್ಕಿಬೀಳ್ತಿತ್ತು. ಸಿಕ್ರೆ ಕಿರುಬೆರಳಿನವರೆಗೂ ಜೋಮು, ಇಲ್ಲಾ ಉರಿ, ಶೂ ತಾಗಿದ್ರೂ ಜೀವ ಹೋಗುತ್ತೆ. ಜಿಗ್ ಬಂತು ಅಂತ ನಿಶ್ಚಿಂತೆ ಇಲ್ಲ, ಸೂಜಿ ಒಳಗೆ ಎಲ್ಲಿ ಹೋಗ್ತಿದೆ ಅಂತ ಕಣ್ಣಿಗೆ ಕಾಣಲ್ವಲ್ಲ. ತೋಳು ಪೊರೆಯ ಹೊರಗೆ ಜಾರಿದ್ರಂತೂ ಮುಗೀತು. ಅದಕ್ಕೇ ಒಂದೊಂದು ದಾರ ಎಳೆದು ನೋಡ್ತಿದಾರೆ. ಸುಲಭವಾಗಿ ಕಿತ್ಕೊಂಡು ಬಂದ್ರೆ ಟೆಂಡನ್ ಹಿಡಿದಿಲ್ಲ, ಚರ್ಮ ಒಳಕ್ಕೆ ಗುಳಿ ಬಿದ್ರೆ ಹಿಡೀಬಾರದ್ದನ್ನ ಹಿಡಿದಿದೆ. ಎರಡರಲ್ಲಿ ಯಾವುದಾದ್ರೂ ತೆಗೆದು ಮತ್ತೆ ಹಾಕಬೇಕು.

ಇಲ್ಲಿವರೆಗೆ ಚಿಕ್ಕ ಕುಯ್ತ ಅಂದ್ರೆ ಬರೀ ಗಾಯದ ಗುರುತಿನ ಶೋಕಿ ಅನ್ನೋ ಕಡೆಗೇ ವಾಲಿದ್ದೆ. ಆದ್ರೆ ಅಲ್ಲಿ ಚರ್ಮ ನೋಡಿ, ಎಷ್ಟು ತೆಳು. ಉದ್ದ ಕುಯ್ದು ಗಾಯ ಬಿಟ್ಕೊಂಡ್ರೆ ಟೆಂಡನ್ನೇ ಹೊರಗೆ ಕಾಣುತ್ತೆ, ಆ ಫಜೀತಿ ಬೇಡವೇ ಬೇಡ. ಸಕ್ಕರೆ ಕಾಯಿಲೆಯವರು, ಸಿಗರೇಟ್ ಸೇದೋರಿಗೆ ಚಿಕ್ಕದೇ ವಾಸಿ. ನಾರ್ವೆಯಲ್ಲಿ 526 ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಬಂತು. ಮತ್ತೆ ಹರಿದದ್ದು ಚಿಕ್ಕ ಕುಯ್ತ, ಉದ್ದ ಕುಯ್ದು ತೆರೆದದ್ದು, ಎರಡೂ ಥರದ ಆಪರೇಷನ್‌ನಲ್ಲಿ ಶೇ. 0.6, ಆಪರೇಷನ್ ಇಲ್ಲದವರಲ್ಲಿ 6.2. ನರಕ್ಕೆ ಪೆಟ್ಟು ಮಾತ್ರ ಚಿಕ್ಕ ಕುಯ್ತದಲ್ಲಿ 5.2, ತೆರೆದದ್ದರಲ್ಲಿ 2.8, ಆಪರೇಷನ್ ಇಲ್ಲದೆ 0.6. ಒಂದು ವರ್ಷಕ್ಕೆ ಕಾಲಿನ ಬಗ್ಗೆ ರೋಗಿಗಳು ಕೊಟ್ಟ ಅಂಕ ಮೂರೂ ಗುಂಪಲ್ಲಿ ಹತ್ತಿರಹತ್ತಿರ.

ಅಯ್ಯೋ, ಗಂಟು ಹಾಕೋ ಶಾಟ್ ಬಂದೇಬಿಡ್ತು. ಪಾದ ನೇತಾಡಬೇಕು ಅಂದಿದ್ದು ಇದಕ್ಕೇ. ಇನ್ನೊಂದು ಕಾಲನ್ನೂ ತೆರೆದಿಟ್ಟು, ಅದು ತಾನಾಗೇ ನಿಲ್ಲೋ ಕೋನಕ್ಕೆ ಇದನ್ನ ಹೊಂದಿಸಿ ಬಿಗೀತಾರೆ. ಸಡಿಲ ಬಿಟ್ರೆ ಟೆಂಡನ್ ಉದ್ದವಾಗಿ ಕೂಡುತ್ತೆ, ಮೆಟ್ಟಿಲು ಹತ್ತುವಾಗ ಹಿಮ್ಮಡಿ ಏಳಲ್ಲ. ಈಗ ಮತ್ತೆ ಮೀನಖಂಡ ಹಿಂಡಿದ್ರು, ಪಾದ ಚಾಚ್ತು, ಗಮನಿಸಿದ್ರಾ? ಅಂದ ಹಾಗೆ ಇದೆಲ್ಲ ಹರಿದ ಎರಡು ವಾರದೊಳಗಿನ ಮಾತು. ತಿಂಗಳುಗಟ್ಟಲೆ ಬಿಟ್ಟಿದ್ರೆ ತುದಿಗಳು ದೂರ ಸರಿದು ಅಂಟಿಕೊಂಡಿರ್ತವೆ, ಈ ಜಿಗ್ ಕೆಲಸಕ್ಕೆ ಬರಲ್ಲ.

ಮೊದಲ ಎರಡು ವಾರ ಬೆರಳು ಕೆಳಮುಖ ಇರೋ ಹಾಗೆ ಕಟ್ಟಿದ ಪಟ್ಟಿ, ಆಮೇಲೆ ಈ ಬೂಟು, ಹಿಮ್ಮಡಿ ಕೆಳಗೆ ವೆಡ್ಜ್‌ಗಳು, ಅಂದ್ರೆ ಹಿಮ್ಮಡಿ ಎತ್ತರಿಸೋ ಓರೆ ತುಂಡುಗಳು. ಆರು ವಾರ ಪಾದವನ್ನ ನೇರಕ್ಕಿಂತ ಮೇಲಕ್ಕೆ ಮಡಚೋ ಹಾಗಿಲ್ಲ, ಉತ್ಸಾಹದಲ್ಲಿ ಎಳೆದು ವ್ಯಾಯಾಮ ಮಾಡಿದ್ರೆ ಹೊಲಿಗೆ ಸಡಿಲ. ಬೂಟಿನ ಕಾಲು ಎತ್ತರ ಆಗುತ್ತೆ, ಇನ್ನೊಂದಕ್ಕೆ ದಪ್ಪ ಅಟ್ಟೆಯ ಶೂ ಹಾಕದಿದ್ರೆ ಸೊಂಟ ನೋಯುತ್ತೆ, ಇದನ್ನ ಯಾಕೋ ಯಾರೂ ಹೇಳೋದೇ ಇಲ್ಲ. ಮೀನಖಂಡ ಊದಿ ನೋವು, ಇಲ್ಲಾ ಉಸಿರು ಕಟ್ಟಿದ ಹಾಗಾದ್ರೆ ರಕ್ತ ಹೆಪ್ಪುಗಟ್ಟಿರಬಹುದು, ಆಗ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಟೇಬಲ್ ಮೇಲೆ ಇರೋ ಆ ವೆಡ್ಜ್ ಇವತ್ತು ಬೂಟಿಂದ ತೆಗೆದದ್ದು. ಮುಂದಿನದನ್ನ ತೆಗೆಯೋಕೆ ಇನ್ನೊಂದು ವಾರ.