ಕೆಸರಿನಲ್ಲಿ ಬಿದ್ದ ಸರಪಳಿ

ಉಣಕಲ್ ಕೆರೆಯಲ್ಲಿ ದೋಣಿಯನ್ನು ಕಟ್ಟೆಗೆ ಹಗ್ಗದಿಂದ ಬಿಗಿದರೆ ಕೆಲಸ ಮುಗಿಯಿತು. ನಾಳೆ ಬೆಳಿಗ್ಗೆಯೂ ನೀರು ಹೆಚ್ಚುಕಡಿಮೆ ಇದೇ ಮಟ್ಟದಲ್ಲಿರುತ್ತದೆ. ನನ್ನ ತಮ್ಮ ದೋಣಿ ಕಟ್ಟುವ ಊರಿನಲ್ಲಿ ಹಾಗಲ್ಲ. ಅವನು ಇಂಗ್ಲೆಂಡಿನ ಬ್ರಿಸ್ಟಲ್ ಚಾನೆಲ್ ಎಂಬ ಕಡಲ ಚಾಚಿನ ದಡದ ಒಂದು ಹಾಯಿದೋಣಿ ಕ್ಲಬ್ಬಿನ ಸದಸ್ಯ. ನಮ್ಮ ಕಾರವಾರದಲ್ಲಿ ಉಬ್ಬರ ಇಳಿತಗಳ ಅಂತರ ಎರಡು ಮೀಟರಿನ ಆಸುಪಾಸು. ಅಲ್ಲಿ ಕೆಲವೆಡೆ 14 ಮೀಟರ್ ಮುಟ್ಟುತ್ತದೆ. ಆರು ಗಂಟೆಯ ಹಿಂದೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಈಗ ಬರೀ ಕೆಸರು.

ಅವನು ಕಳಿಸಿದ ಈ ದೃಶ್ಯಗಳನ್ನು ನಾನು ಕಾಕಾ ಜೊತೆ ಕುಳಿತು ನೋಡಿದೆ. ಕಾಕಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದು ನಿವೃತ್ತರಾದವರು. ನಾನು ಹಾಯಿಗಳ ಅಂದ ನೋಡುತ್ತಿದ್ದರೆ, ಅವರ ಕಣ್ಣು ಕೆಸರಿನಲ್ಲಿ ಬಿದ್ದ, ದೋಣಿ ಕಟ್ಟುವ ಸರಪಳಿಯ ಮೇಲೆಯೇ ಇತ್ತು. "ಇದರ ತುದಿಗೆ ಏನಿದೆ?" ಎಂದರು.

ತುದಿಗೆ ಕಡಲ ತಳದಲ್ಲಿ ಹೂತ ಒಂದು ಭಾರ. ಅದರಿಂದ ದಪ್ಪ ಸರಪಳಿ, ಅದಕ್ಕೆ ಜೋಡಿಸಿದ ತೆಳುವಾದ ಸರಪಳಿ, ತಿರುಚಿಕೊಳ್ಳದಂತೆ ಒಂದು ಸ್ವಿವೆಲ್ (ತಾನೇ ತಿರುಗುವ ಕೊಂಡಿ), ಮೇಲೆ ಬಣ್ಣದ ತೇಲುಗುಂಡು. ಭಾರಕ್ಕೆ ಕಾಂಕ್ರೀಟ್ ಸಾಕೆಂದು ನನಗೆ ಅನಿಸಿತ್ತು. ಕಾಕಾ ಲೆಕ್ಕ ಹಾಕಿದರು: ಒಂದು ಟನ್ ಕಾಂಕ್ರೀಟ್ ಸಮುದ್ರದ ನೀರಿನೊಳಗೆ ಸುಮಾರು 570 ಕಿಲೋ ಮಾತ್ರ ತೂಗುತ್ತದೆ, ಅಷ್ಟೇ ಉಕ್ಕು 870 ಕಿಲೋ. ಆ ಕಾರಣಕ್ಕೇ ಬ್ರಿಟನ್ನಿನ ಹಲವೆಡೆ ಹಳೆಯ ರೈಲು ಗಾಲಿಗಳನ್ನು ಹೀಗೆ ಹೂಳುತ್ತಾರೆ ಎಂದು ನಾನು ಹೇಳಿದಾಗ ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು!

ಸರಪಳಿಯ ಉದ್ದವೇ ನಿಜವಾದ ತಲೆನೋವು. ಅತಿ ದೊಡ್ಡ ಉಬ್ಬರಕ್ಕೂ ಅಲೆಗೂ ಸಾಲುವಷ್ಟು ಇರಲೇಬೇಕು. ಇಲ್ಲವಾದರೆ ದೋಣಿ ಭಾರವನ್ನೇ ಎತ್ತಿಕೊಂಡು ಹೊರಡುತ್ತದೆ. ಆದರೆ ನೀರು ಇಳಿದಾಗ ಅದೇ ಉದ್ದ ಸಡಿಲವಾಗಿ, ಉದ್ದ ಹಗ್ಗದ ಎತ್ತು ಪಕ್ಕದ ಹೊಲಕ್ಕೆ ಬಾಯಿ ಹಾಕುವಂತೆ ದೋಣಿ ಪಕ್ಕದವರ ಜಾಗಕ್ಕೆ ತಿರುಗುತ್ತದೆ. ಹಾಗಾಗಿ ಕ್ಲಬ್ಬು ದೋಣಿಯ ಉದ್ದ, ತೂಕ, ನೀರಿನಡಿ ಎಷ್ಟು ಆಳ ಇಳಿಯುತ್ತದೆ ಎಂಬುದನ್ನೆಲ್ಲ ನೋಡಿಯೇ ಜಾಗ ಹಂಚುತ್ತದೆ. ಇಕ್ಕಟ್ಟಾದ ಅಳಿವೆಯಲ್ಲಿ ಮುಂದೆ ಹಿಂದೆ ಎರಡೂ ಕಡೆ ಕಟ್ಟಿ ತಿರುಗದಂತೆ ಮಾಡುತ್ತಾರೆ.

ಸವೆತ ಎಲ್ಲ ಕಡೆ ಒಂದೇ ತೆರನಾಗಿರುವುದಿಲ್ಲ. ಕೆಸರಿನೊಳಗೆ ಸದಾ ಹೂತಿರುವ ಕೊಂಡಿಗಳು ಬಹಳ ಕಾಲ ಗಟ್ಟಿಯಾಗಿರುತ್ತವೆ. ತಳದಿಂದ ಎದ್ದು ಮತ್ತೆ ಬೀಳುವ ಭಾಗವಿದೆಯಲ್ಲ, ಅಲ್ಲಿ ಮರಳು ಕೊಂಡಿಯನ್ನು ಉಜ್ಜುತ್ತಲೇ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ನೀರು ಅತಿ ಕೆಳಗಿಳಿಯುತ್ತದೆ. ಆಗ ಸದಸ್ಯರು ಮೊಣಕಾಲುದ್ದದ ಬೂಟು ಹಾಕಿಕೊಂಡು ಕೆಸರಿಗಿಳಿದು ವರ್ನಿಯರ್ ಎಂಬ ಅಳತೆ ಸಾಧನದಿಂದ ಕೊಂಡಿಯ ದಪ್ಪ ಅಳೆಯುತ್ತಾರೆ. ನೀರು ಬತ್ತದ ಜಾಗಕ್ಕೆ ಮುಳುಗುಗಾರರನ್ನು ಕರೆಯಬೇಕು. ನೀರು ಮರಳುವುದರೊಳಗೆ ಮುಗಿಸುವ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಯಾರೂ ಫೋಟೋ ತೆಗೆಯುವ ಕೆಲಸವಲ್ಲ ಇದು.

ಕಾಕಾ ಗಮನಿಸಿದ ಇನ್ನೊಂದು ಸಂಗತಿ, ಸರಪಳಿ ಜೋಡಿಸುವ U ಆಕಾರದ ಕೊಂಡಿ, ಅಂದರೆ ಶ್ಯಾಕಲ್‌ನ ಪಿನ್ನಿಗೆ ಸುತ್ತಿದ ತಂತಿ. ಅಲುಗಾಟಕ್ಕೆ ಪಿನ್ನು ತಾನೇ ಬಿಚ್ಚಿಕೊಳ್ಳಬಾರದೆಂದು ಅದನ್ನು ಬಿಗಿಯುತ್ತಾರೆ. ಕಲಾಯಿ ಹಾಕಿದ ಸರಪಳಿಗೆ ಸ್ಟೇನ್‌ಲೆಸ್ ಸ್ಟೀಲ್ ಶ್ಯಾಕಲ್ ಸೇರಿಸಬಾರದೆಂದೂ ಅವರೇ ಹೇಳಿದರು: ಉಪ್ಪುನೀರಿನಲ್ಲಿ ಎರಡು ಲೋಹ ಕೂಡಿದರೆ ಕಲಾಯಿಯ ಸತು ಬೇಗ ಕರಗಿ, ಸರಪಳಿ ತುಕ್ಕಿಗೆ ಬಲಿಯಾಗುತ್ತದೆ.

ತೇಲುಗುಂಡಿನಿಂದ ದೋಣಿಗೆ ಬರುವ ಹಗ್ಗವನ್ನು ಮಾತ್ರ ನನ್ನ ತಮ್ಮನೇ ನೋಡಿಕೊಳ್ಳುತ್ತಾನೆ. ದೋಣಿಯ ಮೂತಿಗೆ ಉಜ್ಜುವ ಕಡೆ ಅದಕ್ಕೆ ಪೈಪಿನ ತುಂಡು ತೊಡಿಸಿದ್ದಾನೆ. ಬಿರುಗಾಳಿಯ ಮುನ್ಸೂಚನೆ ಬಂದರೆ ರಾತ್ರಿಯಾಗುವ ಮೊದಲೇ ಹೋಗಿ ಎರಡನೆಯ ಹಗ್ಗ ಕಟ್ಟಿ, ಹಾಯಿ ಬಿಚ್ಚಿಕೊಂಡು ಮನೆಗೆ ತರುತ್ತಾನೆ.